ತವರಿನ ಒಗೆಯುವ ಕಲ್ಲು

ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಇಷ್ಟುದ್ದ ಯಾವತ್ತೂ ಬರೆದದ್ದಿಲ್ಲ. ಆದರೆ ಈ ಸಂಗತಿಯನ್ನು ಬಾಯಲ್ಲಿ ಹೇಳಿ ಹೇಳಿ ಓಣಿಯವರಿಗೆಲ್ಲ ಸಾಕಾಗಿದೆ. ನನಗೆ ಮಾತ್ರ ಇನ್ನೂ ಸಾಕಾಗಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ತವರು ಕುಪ್ಪಗಡ್ಡೆ. ಅಲ್ಲಿ ನಮ್ಮ ಮನೆಯ ಬಾವಿಯ ಹತ್ತಿರ ಬಟ್ಟೆ ಒಗೆಯುವ ಒಂದು ದೊಡ್ಡ ಚಪ್ಪಟೆ ಕಲ್ಲಿತ್ತು. ಯಾರು ಹಾಕಿದ್ದೋ, ಅಜ್ಜನ ಕಾಲದಿಂದಲೂ ಅಲ್ಲೇ ಮಲಗಿತ್ತು. ನಾನು ಮದುವೆಯಾಗಿ ಶಿಕಾರಿಪುರದ ಕಡೆಗೆ ಬಂದು ಎಷ್ಟೋ ವರ್ಷವಾದ ಮೇಲೆ ನಮ್ಮಣ್ಣ ಬಾವಿಕಟ್ಟೆಯನ್ನು ಹೊಸದಾಗಿ ಕಟ್ಟಿಸಿದ. ಆಗ ಆ ಕಲ್ಲನ್ನು ಎತ್ತಿ ಮಗುಚಿದರೆ ಕೆಳಗಿನ ಮೈಯಲ್ಲಿ ಕತ್ತಿ ಹಿಡಿದ ವೀರ! ತಲೆತಲಾಂತರದಿಂದ ನಾವು ಅದರ ಬೆನ್ನನ್ನೇ ಮುಖ ಅಂದುಕೊಂಡು ಸೀರೆ ಬಡಿದಿದ್ದೆವು. ಆಮೇಲೆ ಸರ್ಕಾರದವರು ಅದನ್ನು ಟ್ರ್ಯಾಕ್ಟರಿನಲ್ಲಿ ಬಳ್ಳಿಗಾವಿಯ ಹಳೇ ಗುಡಿಗೆ ಸಾಗಿಸಿದರು ಅಂತ ಅಣ್ಣ ಹೇಳಿಕಳಿಸಿದ. ಅದರ ಮುಖವನ್ನು ನಾನು ನೋಡಲೇ ಇಲ್ಲ.

ಅವತ್ತಿನಿಂದ ನಮ್ಮ ಯಜಮಾನರಿಗೆ ಹಬ್ಬ. ಮನೆಗೆ ಯಾರೇ ಬರಲಿ, "ಇವಳ ತವರಲ್ಲಿ ರಾಜರ ಬೆನ್ನ ಮೇಲೆ ಲಂಗ ಒಗೀತಿದ್ರಂತೆ ಕಣ್ರೀ" ಅಂತ ಶುರು. "ಕಲ್ಲೆಲ್ಲೈತೆ ತೋರ್ಸು" ಅಂದರೆ ಬಳ್ಳಿಗಾವಿಯ ಕಡೆಗೆ ಕೈ ತೋರಿಸುತ್ತಿದ್ದೆ. ಬಳ್ಳಿಗಾವಿ ಏನು ದೂರವೇ? ಆದರೂ ಹತ್ತಿರದ ಊರಿಗೆ ಹೋಗುವುದು ಯಾವಾಗಲೂ ನಾಳೆಗೇ.

ಹೋದ ಚಳಿಗಾಲದಲ್ಲಿ ಅಳಿಯಂದಿರು ಒಂದು ಗಾಡಿಯನ್ನು ಬಾಡಿಗೆಗೆ ತಂದರು. ಗಾಡಿಯಲ್ಲ, ಚಕ್ರ ಇಟ್ಟ ಮನೆ! ಒಳಗೆ ಮಂಚ, ಒಲೆ, ನೀರಿನ ನಲ್ಲಿ, ಕಿಟಕಿಗೆ ಪರದೆ. ಮಗಳು, ಅಳಿಯ, ಹತ್ತು ವರ್ಷದ ಮೊಮ್ಮಗಳು, ನಾವಿಬ್ಬರು. ಹಳೇ ಗುಡಿಗಳನ್ನೆಲ್ಲ ನೋಡಿಕೊಂಡು ಬರೋಣ ಅಂದರು. ಬಳ್ಳಿಗಾವಿಯೂ ಇದೆ ಅಂದದ್ದೇ ತಡ, ಎಲ್ಲರಿಗಿಂತ ಮೊದಲು ನಾನೇ ಹತ್ತಿದೆ.

ಮಂಚ ಇದ್ದರೇನು, ಅಳಿಯನ ಎದುರಿಗೆ ಕಾಲು ಚಾಚುವುದು ನಮ್ಮಲ್ಲಿಲ್ಲ. ಮೂಲೆಯಲ್ಲಿ ಮಂಡಿ ಮಡಚಿ ಕೂತೆ. ಅವರು ಕನ್ನಡಿಯಲ್ಲಿ ನೋಡಿ, "ಅತ್ತೆ, ನಾನು ರಸ್ತೆ ನೋಡ್ತಿದೀನಿ, ಆರಾಮಾಗಿ ಕಾಲು ಬಿಡಿ" ಅಂದರು. "ರಸ್ತೇನೇ ನೋಡ್ರಿ" ಅಂದೆ. ಮಗಳು ನಕ್ಕೂ ನಕ್ಕೂ ಚಹಾ ಚೆಲ್ಲಿದಳು.

ಬೆಳಗ್ಗೆ ತಾಳಗುಂದದಲ್ಲಿ ಶಾಸನದ ಕಂಬ ನೋಡಿದೆವು. ಮೊಮ್ಮಗಳು ಅಕ್ಷರದ ಎದುರು ನಿಂತು, "ಅಜ್ಜಿ, ನನಗೂ ಓದಕ್ಕೆ ಬರಲ್ಲ" ಅಂದಳು. ಅಯ್ಯೋ, ಎಷ್ಟು ಖುಷಿಯಾಯಿತೆಂದರೆ! ಒಂದು ಗಳಿಗೆ ನಾವಿಬ್ಬರೂ ಒಂದೇ ಕ್ಲಾಸು.

ಅಲ್ಲಿಂದ ಬಳ್ಳಿಗಾವಿಗೆ ಹೊರಟಾಗ ನನ್ನ ಕಲ್ಲಿನ ಗುರುತನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ಸಣ್ಣವರಿದ್ದಾಗ ಅಣ್ಣನೂ ನಾನೂ ಅದರ ಮೇಲೆ ಅಪ್ಪನ ನೇಗಿಲ ಕುಳದಿಂದ ಹುಲಿ-ಕುರಿ ಆಟದ ಗೆರೆ ಕೊರೆದಿದ್ದೆವು. ಕುಳದ ಮೊನೆ ಮೊಂಡಾಯಿತು ಅಂತ ಅಪ್ಪ ಬಂದು ಬೆನ್ನಿಗೊಂದು ಬಿಟ್ಟರು. ಕೈ ಜಾರಿ ನಡುವಿನ ಗೆರೆ ಸೊಟ್ಟಗಾಗಿ ಕಲ್ಲಿನ ಅಂಚಿನವರೆಗೂ ಹರಿದುಹೋಯಿತು.

"ಆ ಸೊಟ್ಟ ಗೆರೆ ಸಿಕ್ರೆ ನಾನು ಬಾಯಿ ಮುಚ್ತೀನಿ" ಅಂದರು ಯಜಮಾನರು.

"ಎಲ್ರೂ ಕೇಳಿಸ್ಕೊಂಡ್ರಲ್ಲ?" ಅಂದೆ.

ಗುಡಿಯನ್ನು ನಾನು ನೋಡಿದೆನೋ ಇಲ್ಲವೋ! ನನ್ನ ಕಣ್ಣೆಲ್ಲ ಪಕ್ಕದ ಅಂಗಳದಲ್ಲಿ ಗೋಡೆಗುಂಟ ನಿಲ್ಲಿಸಿದ್ದ ವೀರಗಲ್ಲುಗಳ ಮೇಲೆ. ಓಡಿದೆ. ಹೌದು, ಈ ಮಂಡಿಯಲ್ಲೇ ಓಡಿದೆ. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಒಂದೇ ಥರ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಹೆಣ್ಣುಗಳು, ಮೇಲೆ ಲಿಂಗ, ಸೂರ್ಯ, ಚಂದ್ರ. ಇದಾ? ಅದಾ? ನನಗೆ ಗೊತ್ತಿರುವುದು ಬೆನ್ನು. ಎಲ್ಲವೂ ಗೋಡೆಗೆ ಬೆನ್ನು ಕೊಟ್ಟು ನಿಂತಿವೆ!

"ಎಲ್ಲೈತೆ ನಿನ್ನ ರಾಜ?" ಅಂದರು ಯಜಮಾನರು, ಟವೆಲ್ಲಿನಿಂದ ಬಾಯಿ ಮುಚ್ಚಿ ನಗುತ್ತ.

ಸಿಟ್ಟು ಬಂತು. ಗೋಡೆಗೂ ಕಲ್ಲಿಗೂ ನಡುವೆ ಮೊಳದಷ್ಟು ಸಂದಿ. ಸೆರಗು ಸಿಕ್ಕಿಸಿಕೊಂಡು ನುಗ್ಗಿದೆ. ಎರಡನೇ ಕಲ್ಲಿನ ಹತ್ತಿರವೇ ಸಿಕ್ಕಿಕೊಂಡೆ. ಕಾವಲಿನ ಹೆಂಗಸು ಪೊರಕೆ ಬಿಟ್ಟು ಬಂದಳು.

"ಅಮ್ಮಾ, ಎಂತ ಹುಡುಕ್ತೀರಿ ಅಲ್ಲಿ? ಚೇಳಿರ್ತಾವೆ!"

"ನಮ್ಮನೆ ಒಗೆಯೋ ಕಲ್ಲು ಕಣೇ!"

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮಗಳಿಂದ ಕಥೆ ಕೇಳಿ, ಅವಳೇ ನನ್ನ ತೋಳು ಹಿಡಿದು ಈಚೆಗೆ ಎಳೆದಳು. "ಮಗು ಸಣ್ಣಕಿದೆ, ಅದನ್ನ ಕಳ್ಸಿ. ಚೇಳಿದ್ರೆ ಓಡಲಿ, ನಾನು ಮುಂದೆ ಪೊರಕೆ ಆಡಿಸ್ತೀನಿ" ಅಂದಳು.

ಮೊಮ್ಮಗಳು ಮೊಬೈಲಿನ ಬೆಳಕು ಹಿಡಿದು ನುಸುಳಿದಳು. ಒಳಗಿನಿಂದ ಕೂಗು ಬರುತ್ತಿತ್ತು. "ಇದು ಒರಟು, ಅಜ್ಜಿ." "ಇಲ್ಲಿ ಜೇಡನ ಬಲೆ." "ಇದೂ ಅಲ್ಲ." ಸಾಲು ಮುಗಿಯುತ್ತ ಬಂತು. ಯಜಮಾನರೂ ನಗುವುದನ್ನು ಬಿಟ್ಟಿದ್ದರು. "ಹೋಗ್ಲಿ ಬಿಡೇ, ಬೇರೆ ಕಡೆ ಇಟ್ಟಿರ್ತಾರೆ" ಅಂದರು ಮೆಲ್ಲಗೆ.

ಆಗ, "ಅಜ್ಜೀ! ಇದು ನುಣ್ಣಗಿದೆ! ಗೆರೆ ಇದೆ, ಮನೆ ಥರ!"

"ನಡುವಿನ ಗೆರೆ ನೋಡೇ! ಸೊಟ್ಟ ಹೋಗಿದ್ಯಾ?"

"ಅಂಚಿನವರೆಗೂ ಹೋಗಿದೆ!"

ಕಡೆಯಿಂದ ಎರಡನೆಯ ಕಲ್ಲು. ಪಕ್ಕದಿಂದ ಕೈ ತೂರಿಸಿದೆ. ಬೆರಳಿಗೆ ಆ ಗೆರೆ ಸಿಕ್ಕಿತು. ಅಪ್ಪ ಹೊಡೆದ ಜಾಗ ಬೆನ್ನಲ್ಲಿ ಚುರುಕ್ಕೆಂದಂತಾಯಿತು ಅಂದರೆ ನಂಬುತ್ತೀರೋ ಇಲ್ಲವೋ. ನಾನು ಅಂಗಳದಲ್ಲೇ ಕುಣಿದುಬಿಟ್ಟೆ, ಅಳಿಯನ ಎದುರಿಗೇ!

ಯಜಮಾನರು ತಾವೂ ಕೈ ತೂರಿಸಿ ಗೆರೆಯನ್ನು ಮುಟ್ಟಿ ನೋಡಿದರು. ಆಮೇಲೆ, "ಮದುವೇಲಿ ನಿಮ್ಮಪ್ಪ ನನ್ನ ಕಾಲು ತೊಳೆದ್ರಲ್ಲ ಬಾವಿ ಹತ್ರ, ಆವಾಗ ನಾನು ನಿಂತಿದ್ದು…"

"ಇದ್ರ ಮೇಲೇ. ಮತ್ತೆ ಬೇರೆ ಕಲ್ಲೆಲ್ಲಿತ್ತು ಅಲ್ಲಿ?"

ಅವರು ಚಪ್ಪಲಿಯನ್ನು ಬಿಟ್ಟು ಕಲ್ಲಿನ ಮುಂದೆ ಬಂದರು. ವೀರನಿಗೆ ಕೈ ಮುಗಿದು, "ತಪ್ಪಾಯ್ತಪ್ಪಾ, ಗೊತ್ತಾಗ್ಲಿಲ್ಲ" ಅಂದರು.

"ಅವನಿಗೆ ಆಮೇಲೆ ಹೇಳ್ರಿ" ಅಂದೆ. "ಇಷ್ಟು ವರ್ಷ ಆಡ್ಕೊಂಡಿದ್ದು ನನ್ನನ್ನ."

ಮುಗಿದ ಕೈ ಇಳಿಸದೆ ಹಾಗೆಯೇ ನನ್ನ ಕಡೆಗೆ ತಿರುಗಿದರು ನೋಡಿ! ಸಂದಿಯಿಂದ ಧೂಳು ಮೆತ್ತಿಕೊಂಡು ಬಂದ ಮೊಮ್ಮಗಳು ಟಪ್ಪನೆ ಫೋಟೋ ಹೊಡೆದಳು. ಅದೀಗ ನಮ್ಮ ಪಡಸಾಲೆಯಲ್ಲಿ ತೂಗುತ್ತಿದೆ. ಮನೆಗೆ ಯಾರೇ ಬರಲಿ, ಈಗ ಕಥೆ ಶುರು ಮಾಡುವವಳು ನಾನು.