ಐಬಿಲ್ಲದ ಜಾಡಿ

ದಾವಣಗೆರೆಯ ಹಳೇ ಸಾಮಾನಿನ ಅಂಗಡಿಯ ಚಾಚಾ ಯಾವ ಪಿಂಗಾಣಿ ತೋರಿಸಿದರೂ ಅಂಚನ್ನು ಉಗುರಿನಿಂದ ತಟ್ಟಿ, ಸದ್ದಿಗೆ ಕಿವಿಗೊಟ್ಟು, “ಮೊದ್ಲು ಐಬು ನೋಡ್ರಿ” ಎನ್ನುತ್ತಿದ್ದರು. ನಾನು ಮೆಚ್ಚಿದ್ದು ಕೊಕ್ಕರೆಗಳನ್ನು ಬರೆದಿದ್ದ ಜಪಾನಿನ ಹಳೆಯ ಜಾಡಿ. ಅದರ ಮೇಲೆ ಒಂದು ಗೀರೂ ಇರಲಿಲ್ಲ.

“ಬ್ಯಾಡ್ರಿ. ಒಳಗೆ ಉಪ್ಪಿನಕಾಯಿ ವಾಸ್ನೆ ಐತೆ” ಎಂದರು.

“ತೊಳ್ದ್ರೆ ಹೋಗ್ತೈತೆ ಬಿಡ್ರಿ ಚಾಚಾ.”

“ಅದಕ್ಕೇ ಬ್ಯಾಡ ಅನ್ನೋದು. ಇದನ್ನ ಮಾರಿದ ಅಜ್ಜಿ ಹರಿಹರದಿಂದ ಇಲ್ಲಿ ಆಸ್ಪತ್ರೆಗೆ ಬಂದಾಗೆಲ್ಲ ಅಂಗಡಿಗೂ ಬರ್ತಾರೆ. ಮುಚ್ಚಳ ತೆಗ್ದು ಮೂಸ್ತಾರೆ. ‘ನಮ್ಮವ್ವನ ಕೈಯಿಂದು’ ಅಂದು ಹೋಗ್ತಾರೆ.”

ನಾನೂ ಮುಚ್ಚಳ ತೆಗೆದೆ. ತಳದಲ್ಲಿ ಮಾವಿನಕಾಯಿಯ ಹೊಸ ಹೋಳೊಂದು ಎಣ್ಣೆಯಲ್ಲಿ ಹೊಳೆಯುತ್ತಿತ್ತು.

ಚಾಚಾ ರಸ್ತೆಯತ್ತ ನೋಡುತ್ತ ಹೇಳಿದರು: “ವಾಸ್ನೆ ಕಮ್ಮಿ ಆಗಿತ್ರಿ. ನಮ್ಮನೇದು ತಂದು ಹಾಕಿದೀನಿ.”