ಬಿಸಿಲೂರಿನಲ್ಲೊಂದು ಹೀಟರು

ಮೊನ್ನೆ ಮಾನ್ವಿಗೆ ಹೊರಟವನು ರಾಯಚೂರಿನ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದೆ. ಪಕ್ಕದ ಕಾರಿನವರು ಬಾನೆಟ್ ಎತ್ತಿ ಹಸಿರು ಕೂಲಂಟ್ ಸುರಿಯುತ್ತಿದ್ದರು. ಒಂದಿಷ್ಟು ಚೆಲ್ಲಿ ಬಿಸಿ ಎಂಜಿನ್ನಿನ ಮೇಲೆ ಬಿತ್ತು. ಬೆಲ್ಲದ ಪಾಕ ಸೀದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕಾಕಾನ ಎಡಗಾಲು ನೆನಪಾಯಿತು. ವಾಸನೆಗೂ ಕಾಲಿಗೂ ಏನು ಸಂಬಂಧ ಎನ್ನುತ್ತೀರಿ. ಹೇಳುತ್ತೇನೆ, ಸ್ವಲ್ಪ ಸುತ್ತಿಬಳಸಿ.

ಕಾಕಾ ಎಂದರೆ ನನ್ನ ಚಿಗವ್ವ ಗೌರವ್ವನ ಗಂಡ. ಮಾನ್ವಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಗಿರಾಕಿ ಬರಲಿ ಬಿಡಲಿ, ಬಾಯಿಗೆ ಬಿಡುವಿಲ್ಲದ ಮನುಷ್ಯ. ಕೆಲವು ವರ್ಷಗಳ ಹಿಂದೆ ಲಕ್ವಾ ಹೊಡೆದು ಅವರ ಎಡಗೈ, ಎಡಗಾಲು ಸುಮ್ಮನಾದವು. ಮಾತು ಉಳಿಯಿತು. “ದೇವರು ಶಾಣ್ಯಾ ಅದಾನ, ಬಾಯಿ ಬಿಟ್ಟು ಹೊಡದಾನ” ಎಂದು ಅವರೇ ನಗುತ್ತಿದ್ದರು. ಚಿಗವ್ವ ನಗಲಿಲ್ಲ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು. ಕಾಕಾನ ಹಳೆಯ ಕಾರಿನಲ್ಲೇ ಅವರನ್ನು ಪಕ್ಕಕ್ಕೆ ಕೂಡಿಸಿಕೊಂಡು, ಕೈಕಾಲಿಗೆ ವ್ಯಾಯಾಮ ಮಾಡಿಸುವ ಡಾಕ್ಟರ ಬಳಿಗೆ ರಾಯಚೂರಿಗೆ ಬರತೊಡಗಿದಳು.

ನಗಬೇಡಿ, ರಾಯಚೂರಿಗೂ ಒಂದು ಚಳಿಗಾಲ ಇದೆ. ಬಂದ ಸುದ್ದಿ ಗೊತ್ತಾಗುವಷ್ಟರಲ್ಲಿ ಹೋಗಿರುತ್ತದೆ, ಅಷ್ಟೆ. ಆದರೆ ನಸುಕಿನಲ್ಲಿ ಗದ್ದೆಯ ಮೇಲಿಂದ ಬೀಸುವ ಗಾಳಿಗೆ ಕಾಕಾನ ಕಾಲು ಸೆಟೆದು ಕಟ್ಟಿಗೆಯಾಗುತ್ತಿತ್ತು. ಹೀಟರ್ ಹಚ್ಚಿಕೊಂಡು ಬಂದ ದಿನ ಮಾತ್ರ ಸಡಿಲವಾಗಿರುತ್ತಿತ್ತು. ನಮ್ಮ ಕಡೆ ಕಾರಿನ ಹೀಟರ್ ಗುಂಡಿ ತಿರುಗಿಸಿದವಳು ಬಹುಶಃ ಚಿಗವ್ವ ಒಬ್ಬಳೇ.

ಒಂದು ಬೆಳಿಗ್ಗೆ ನಾನೂ ಹಿಂದಿನ ಸೀಟಿನಲ್ಲಿದ್ದೆ. ಕಲ್ಲೂರು ದಾಟುತ್ತಲೇ ಕಾಕಾ ಮೂಗು ಅರಳಿಸಿ, “ಯಾರ ಮನ್ಯಾಗೋ ಹೋಳಿಗಿ ಮಾಡಾಕತ್ತಾರ ನೋಡು” ಎಂದರು. ಮುಂದಿನ ಗಾಜು ಮಬ್ಬಾಯಿತು. ಚಿಗವ್ವ ಸೆರಗಿನಿಂದ ಒರೆಸಿಕೊಂಡು ಓಡಿಸಿದಳು. ಆಸ್ಪತ್ರೆಯಲ್ಲಿ ಕಾಕಾನ ಕಾಲುಚೀಲ ತೆಗೆದಾಗ ಅದು ತೊಯ್ದಿತ್ತು. ಪಾದದ ಮೇಲೆಲ್ಲ ಬೊಬ್ಬೆ. ಡ್ಯಾಶ್‌ಬೋರ್ಡಿನ ಒಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್ ಒಡೆದು, ಎಂಜಿನ್ನಿನ ಕುದಿಯುವ ಕೂಲಂಟ್ ನೀರು ದಾರಿಯುದ್ದಕ್ಕೂ ಅವರ ಕಾಲಿನ ಮೇಲೆ ತೊಟ್ಟಿಕ್ಕಿತ್ತು. ಸ್ಪರ್ಶವಿಲ್ಲದ ಕಾಲಿಗೆ ಅದು ತಿಳಿದಿರಲಿಲ್ಲ.

ಕಾಕಾ ಬೊಬ್ಬೆಗಳನ್ನೇ ನೋಡುತ್ತ, “ಇದು ನನ್ನ ಕಾಲೇನು?” ಎಂದರು.

ರಾಯಚೂರಿನ ಮೆಕ್ಯಾನಿಕ್ ಸುಲಭದ ದಾರಿ ಹೇಳಿದ. “ಹೀಟರಿನ ಎರಡೂ ಪೈಪು ಕೂಡಿಸಿ ಬಿಟ್ಟಬಿಡೂಣ್ರೀ ಅಕ್ಕಾರ. ರಾಯಚೂರಾಗ ಹೀಟರ್ ಯಾರಿಗೆ ಬೇಕ್ರೀ?”

“ನನಗ ಬೇಕು” ಎಂದಳು ಚಿಗವ್ವ.

ನಾನು ಓದಿದವನಲ್ಲವೇ, ನನ್ನದೂ ಒಂದು ಸಲಹೆ ಇತ್ತು. “ಚಿಗವ್ವಾ, ಒಂದು ಕಂಬಳಿ ಹೊಚ್ಚಿದ್ರ ಆಗಂಗಿಲ್ಲೇನು?”

“ಹೊಚ್ಚಿಗೊಂಡು ನೀ ಮಕ್ಕೋ” ಎಂದಳು.

ಊರ ಅಂಗಡಿಗಳಲ್ಲಿ ಕೋರ್ ಸಿಗಲಿಲ್ಲ, ಹೈದರಾಬಾದಿನಿಂದ ತರಿಸಿದಳು. ಬಿಚ್ಚಿ ಕೂಡಿಸುವುದಕ್ಕೆ ಒಪ್ಪಿದವನು ದೇವದುರ್ಗದ ಖಾಜಾಸಾಬ. ಅವನೂ ಮೊದಲು ತಲೆ ಕೆರೆದುಕೊಂಡ. “ಡ್ಯಾಶ್‌ಬೋರ್ಡ್ ಪೂರಾ ಇಳಸಬೇಕಾಗ್ತದ್ರೀ. ಇಡೀ ದಿನ ಹೋಗ್ತದ.”

“ಹೋಗ್ಲಿ. ನಾ ಕುಂತಿರ್ತೀನಿ.”

ಕುಳಿತಳು. ಮುಂಭಾಗವೆಲ್ಲ ಬಿಚ್ಚಿ ವೈರುಗಳು ಕರುಳಿನಂತೆ ಜೋತಾಡುವುದನ್ನು ಕಂಡು ನಾನು ಚಹಾದ ನೆಪದಲ್ಲಿ ಎದ್ದುಹೋಗಿ ಬಂದೆ, ಅವಳು ಕದಲಲಿಲ್ಲ. ಕೊನೆಗೆ ಹೊರಬಂದದ್ದು ರೇಡಿಯೇಟರಿನ ಮರಿಯಂಥದು, ಅಂಗೈ ಮೇಲೆ ಕೂರುವಷ್ಟು ಸಣ್ಣದು. ಖಾಜಾಸಾಬ ಕೊಡವಿದರೆ ಒಳಗಿನಿಂದ ಕೆಂಪು ರಾಡಿ, ಸುಣ್ಣದ ಚಕ್ಕೆ. ಕಾಕಾ ವರ್ಷಾನುಗಟ್ಟಲೆ ಕಾರಿಗೆ ಕೂಲಂಟಿನ ಜೊತೆ ಬೋರಿನ ನೀರನ್ನೂ ಕುಡಿಸಿದ್ದರು. ಪೈಪುಗಳಿಂದ ತಿಳಿನೀರು ಬರುವ ತನಕ ತೊಳೆದು, ಹೊಸದನ್ನು ಕೂಡಿಸಿದ ಮೇಲೆ ಅವನೆಂದ: “ಇನ್ನ ಬೋರಿನ ನೀರು ಒಂದು ಹನೀನೂ ಬ್ಯಾಡ್ರೀ, ಬರೇ ಕೂಲಂಟ್. ಬ್ಯಾಸಗ್ಯಾಗೂ ಆಗಾಗ ಹೀಟರ್ ಹಚ್ರಿ, ಇಲ್ಲಾಂದ್ರ ಜಾಮ್ ಆಗ್ತದ.”

ಚಿಗವ್ವ ಅದನ್ನು ವ್ರತದಂತೆ ಪಾಲಿಸಿದಳು. ಮೇ ತಿಂಗಳ ಬಿಸಿಲಿನಲ್ಲಿ ಹೀಟರ್ ಹಚ್ಚಿದ ಆ ಕಾರಿನಲ್ಲಿ ಒಮ್ಮೆ ಕುಳಿತು ನಾನು ಮಿರ್ಚಿಯಂತೆ ಕರಿದುಹೋಗಿದ್ದೇನೆ.

ಆದರೆ ಕಾಕಾ ಮುಂದಿನ ಸೀಟಿಗೆ ಬರಲೊಲ್ಲರು. ಬಾಗಿಲು ತೆರೆದರೆ ಮುಖ ತಿರುಗಿಸುತ್ತಿದ್ದರು. ಚಿಗವ್ವ ವಾದಿಸಲಿಲ್ಲ. ಒಂದು ದಿನ ಸ್ಟೇರಿಂಗ್ ನನ್ನ ಕೈಗೆ ಕೊಟ್ಟು, ಕಾಕಾನನ್ನು ಹಿಂದೆ ಕೂಡಿಸಿ, ತಾನು ಎಡಗಡೆ ಬರಿಗಾಲಲ್ಲಿ ಕುಳಿತಳು. ಹೀಟರ್ ಪೂರ್ತಿ. ಮಾನ್ವಿಯಿಂದ ರಾಯಚೂರು, ರಾಯಚೂರಿನಿಂದ ಮಾನ್ವಿ. ಇಳಿದು ತೊಯ್ಯದ, ಬೊಬ್ಬೆಯೇಳದ ಪಾದಗಳನ್ನು ಗಂಡನಿಗೆ ತೋರಿಸಿ, “ಇನ್ನ ಬರ್ರಿ” ಎಂದಳು. ಬಂದರು.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ, ಏನೋ ಭತ್ತದ ಧಾರಣೆಯ ಮಾತಿನ ನಡುವೆ ಕಾಕಾ ತಟ್ಟನೆ ಹೇಳಿದರು: “ಗೌರಾ, ಜರಾ ಕಮ್ಮಿ ಮಾಡು. ಕಾಲು ಸುಡಾಕತ್ತದ.”

ಚಿಗವ್ವ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು. “ಯಾವ ಕಾಲು?”

ಕಾಕಾ ಬಗ್ಗಿ ನೋಡಿಕೊಂಡರು. “ಎಡಗಾಲು” ಎಂದರು, ತಾವೇ ನಂಬದವರಂತೆ.

ಅವಳು ಇಳಿದು, ಸುತ್ತಿ ಬಂದು, ಬಾಗಿಲು ತೆಗೆದು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕುಳಿತುಬಿಟ್ಟಳು. ಲಾರಿಗಳು ಹೋಗುತ್ತಲೇ ಇದ್ದವು. ನಾನು ಹಿಂದಿನ ಸೀಟಿನಲ್ಲಿ ಬಹಳ ಹೊತ್ತು ಹೊರಗೆ ಗದ್ದೆ ನೋಡಿದೆ.

ಮೊನ್ನೆ ಬಂಕಿನಿಂದ ಮಾನ್ವಿ ತಲುಪಿದಾಗ ಕಾಕಾ ಕೋಲೂರಿಕೊಂಡು ಅಂಗಳದಲ್ಲಿ ಆ ಕಾರಿನ ಪಕ್ಕವೇ ನಿಂತಿದ್ದರು. “ಕೀಲಿ ಕೊಡು ಗೌರಾ.”

“ಅಂಗಳದಾಗ ಅಷ್ಟ” ಎಂದು ಚಿಗವ್ವ ಕೊಟ್ಟೇಬಿಟ್ಟಳು. ಸಲಹೆ ಕೊಡುವ ಚಟ ನನಗಿನ್ನೂ ಹೋಗಿಲ್ಲ. ಆದರೂ ಬಾಯಿ ಮುಚ್ಚಿಕೊಂಡು ಎಡಗಡೆ ಹತ್ತಿ ಕುಳಿತೆ. ತಡೆಯಲಾಗದೆ ಒಂದೇ ಮಾತು ಬಂತು: “ಕಾಕಾ, ಎಡಗೈ ಇನ್ನೂ ನಡಗಾಕತ್ತದಲ್ಲ?”

“ಕ್ಲಚ್ ಕೈಲೆ ಒತ್ತತಾರೇನಲೇ?” ಎಂದವರೇ ಎಡಗಾಲಿನಿಂದ ಒತ್ತಿ, ಗೇರು ಹಾಕಿದರು.