ಸೆಂಡೈಯಲ್ಲಿ ಸವಣೂರಿನ ಎಲೆ

"ಕುಂದ್ರಿ," ಎಂದರು ನಮ್ಮ ಜಪಾನಿ ಪ್ರಾಧ್ಯಾಪಕರು, ಕುರ್ಚಿಯನ್ನು ನನ್ನತ್ತ ಸರಿಸಿ. ಸೆಂಡೈ ನಗರದ ಹಿಮ, ಹಸಿ ಮೀನು, ಭೂಕಂಪ, ಯಾವುದಕ್ಕೂ ನಾನು ಅಷ್ಟು ಬೆಚ್ಚಿರಲಿಲ್ಲ.

ಆ ಮಾತು ಕಲಿಸಿದವಳು ಸವಣೂರಿನ ಶಬಾನಾ. ಈ ಪ್ರಯೋಗಾಲಯಕ್ಕೆ ನನಗಿಂತ ಎರಡು ವರ್ಷ ತಡವಾಗಿ ಬಂದವಳು. ನಾನು ಚಿಕ್ಕೇರೂರಿನವಳು, ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗಳು. ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ತಿದ್ದಿಯೇ ಆಡುತ್ತೇನೆ. ಇಲ್ಲಿ ಗೌರವಕ್ಕೆ ಹೆಸರಿನ ಕೊನೆಗೆ 'ಸಾನ್' ಸೇರಿಸುತ್ತಾರೆ. ಅದನ್ನು ತಪ್ಪಿಲ್ಲದೆ ಕಲಿತೆ. ಶಬಾನಾ ಮಾತ್ರ ಜಪಾನಿ ಮಾತಿಗೂ ನಮ್ಮ 'ರಿ' ಅಂಟಿಸಿದಳು: "ಹೈ ರೀ!" 'ಹೈ' ಎಂದರೆ ಹೌದು. ಎಲ್ಲರೂ ನಕ್ಕರು, ಬಳಿಕ ಎಲ್ಲರೂ ಹಾಗೆಯೇ ಅನ್ನತೊಡಗಿದರು. ನನ್ನ ಶುದ್ಧ ಜಪಾನಿಯನ್ನು ಯಾರೂ ಅನುಕರಿಸಿರಲಿಲ್ಲ.

ನಾವು ತಯಾರಿಸುವುದು ಶಾಖದ ದಿಕ್ಕನ್ನು ನಿಯಂತ್ರಿಸುವ ಪದರಗಳ ವಸ್ತು. ಪದರದ ಉದ್ದಕ್ಕೆ ಶಾಖ ಸರಾಗವಾಗಿ ಹರಿಯುತ್ತದೆ. ಒಂದು ಪದರದಿಂದ ಇನ್ನೊಂದಕ್ಕೆ ದಾಟಲು ತಿಣುಕುತ್ತದೆ. ಸಾರ್ವಜನಿಕರಿಗೆ ಪ್ರಯೋಗಾಲಯ ತೆರೆದಿಡುವ ದಿನ ಇದನ್ನು ವಿವರಿಸಲು ನಮ್ಮಲ್ಲಿ ಒಬ್ಬರನ್ನು ಆರಿಸಬೇಕಿತ್ತು. ಅದು ನನ್ನ ಹಕ್ಕೆಂದೇ ನಂಬಿದ್ದೆ. ಅವ್ವನಿಗೆ ಫೋಟೊ ಕಳಿಸುವೆನೆಂದೂ ಹೇಳಿದ್ದೆ.

ಆಯ್ಕೆಗಾಗಿ ಇಬ್ಬರೂ ವಿವರಿಸಿ ತೋರಿಸಬೇಕಿತ್ತು. ನಾನು ವ್ಯಾಖ್ಯೆಯಿಂದ ಆರಂಭಿಸಿ ಒಂದಕ್ಷರ ತಪ್ಪದೆ ಮುಗಿಸಿದೆ. ಸೆನ್ಸೇ, ಅಂದರೆ ಗುರುಗಳಾದ ನಮ್ಮ ಪ್ರಾಧ್ಯಾಪಕರು, ಸೌಜನ್ಯದಿಂದ ತಲೆದೂಗಿದರು. ಶಬಾನಾ ಹಸಿರು ಕಾಗದವನ್ನು ವೀಳ್ಯದೆಲೆಗಳಂತೆ ಕತ್ತರಿಸಿ ತಂದಿದ್ದಳು. ಅವಳ ತಂದೆಯದು ಎಲೆ ವ್ಯಾಪಾರ. ಒಂದೇ ಎಲೆಯ ಮೇಲೆ ಶಾಖ ತೊಟ್ಟಿನಿಂದ ತುದಿಗೆ ಓಡುತ್ತದೆ. ಎಲೆಗಳನ್ನು ಒಂದೊಂದು ದಿಕ್ಕಿಗೆ ತಿರುಗಿಸಿ ಪೇರಿಸಿದರೆ ಮೇಲಿನದರಿಂದ ಕೆಳಗಿನದಕ್ಕೆ ಇಳಿಯಲು ತಡವರಿಸುತ್ತದೆ ಎಂದಳು. ಸೆನ್ಸೇ ಸ್ವತಃ ಎಲೆ ಪೇರಿಸಲು ಕುಳಿತುಬಿಟ್ಟರು. ಆಯ್ಕೆಯಾದದ್ದು ಅವಳು.

"ಅಕ್ಕಾರ, ಸಿಟ್ಟಾಗೀರೇನು?"

"ಇಲ್ಲ. ಅಭಿನಂದನೆಗಳು."

"ಅಭಿನಂದನೆ ಅಂತ! ಬಾಯಿ ತುಂಬ ಬೈರಿ ಬೇಕಾದ್ರ, ಆದ್ರ ನಮ್ಮ ಮಾತಿನ್ಯಾಗ ಬೈರಿ."

ಅವ್ವ ಫೋನ್ ಮಾಡಿದಾಗ ಶಬಾನಾಳೂ ಮಾತಾಡಿದಳು. ಅವ್ವನ ನಗು ನಿಲ್ಲಲೇ ಇಲ್ಲ. ಬಳಿಕ ನನಗೆ, "ಎಷ್ಟ ಚಂದ ಮಾತಾಡ್ತಾಳ ನೋಡು, ಮಗ್ಗಲ ಮನಿಯಾಕಿಯಂಗ. ನೀ ಮಾತಾಡಿದ್ರ ಸಾಲಿ ಮೇಡಮ್ಮಾರು ಫೋನ್ ಮಾಡ್ದಂಗ ಆಕ್ಕೈತಿ," ಎಂದಳು. ಸೆಂಡೈಯನ್ನು ಗೆದ್ದವಳು ಈಗ ಚಿಕ್ಕೇರೂರನ್ನೂ ಗೆದ್ದಿದ್ದಳು.

ಪ್ರಯೋಗಾಲಯ ತೆರೆದಿಟ್ಟ ದಿನ ಬಂದವರೆಲ್ಲ ಅವಳ ಸುತ್ತ ನೆರೆದಿದ್ದರು. ಫೋಟೊ ತೆಗೆಯುವ ಕೆಲಸ ನನ್ನದಾಗಿತ್ತು. ಆಗಲೇ ಸೆನ್ಸೇ ಕುರ್ಚಿ ಸರಿಸಿ "ಕುಂದ್ರಿ" ಎಂದದ್ದು. 'ಕುಳಿತುಕೊಳ್ಳಿ' ಎಂದು ತಿದ್ದಲು ಬಾಯಿ ತೆರೆದೆ. ಹೊರಬಿದ್ದದ್ದು ಬೇರೆಯೇ:

"ಇರ್ಲಿ ಬಿಡ್ರಿ, ನಿಂತ ಇರ್ತೇನಿ."

ಅದರ ಅರ್ಥಕ್ಕಾಗಿ ಅವರು ಶಬಾನಾಳ ಮುಖ ನೋಡಿದರು.